ತಳದ ಎಣ್ಣೆ

ಸಂಜೆಯಿಂದ ಒಂದೇ ಸಮನೆ ಮಳೆ. ಟ್ರಾನ್ಸ್‌ಫಾರ್ಮರ್ ರಿಪೇರಿ ಷೆಡ್ಡಿನ ತಗಡಿನ ಮೇಲೆ ಅದು ಎಡೆಬಿಡದೆ ಬಾರಿಸುತ್ತಿತ್ತು. ಒಳಗಿದ್ದವರೆಲ್ಲ ಎಣ್ಣೆ ಪರೀಕ್ಷೆಯ ಮೇಜಿನ ಸುತ್ತ ಒತ್ತಿಕೊಂಡು ಕುಳಿತಿದ್ದರು. ಹೊಸದಾಗಿ ಬಂದ ಎಂಜಿನಿಯರ್ ಹುಡುಗಿಗೆ ಮಾತ್ರ ಹರಟೆ ಬೇಕಿರಲಿಲ್ಲ. ರಿಪೇರಿಯಾದ ಟ್ರಾನ್ಸ್‌ಫಾರ್ಮರಿನ ಟ್ಯಾಂಕಿಗೆ ತುಂಬಿದ್ದ ಎಣ್ಣೆಯನ್ನು ತಳದ ವಾಲ್ವಿನಿಂದ ಹಿಡಿದು ಪರೀಕ್ಷಿಸಿದರೆ, ಅದು ಎರಡು ಸಲವೂ ಕಡಿಮೆ ವೋಲ್ಟೇಜಿಗೇ ಕಿಡಿ ಹಾರಿಸಿ ಫೇಲಾಗಿತ್ತು. ಇದಿಲ್ಲದೆ ಆಸ್ಪತ್ರೆಯ ಬೀದಿ ಕತ್ತಲಲ್ಲಿದೆ, ಪಾಸ್ ಮಾಡಿ ಎಂದು ಗುತ್ತಿಗೆದಾರ ಅವಳ ತಲೆ ತಿನ್ನುತ್ತಿದ್ದ.

"ಮೇಲಿಂದ ಬಾಟ್ಲಿ ಅದ್ದಿ ತೆಗೀರಿ ಮೇಡಂ. ಕೆನೆ ಯಾವಾಗ್ಲೂ ಮೇಲೇ ಅಲ್ವಾ ಇರೋದು?"

ಅವಳ ಕೈ ಬಾಟಲಿಯತ್ತ ಸರಿಯಿತು. ಡ್ರಮ್ಮಿನ ಮೇಲೆ ಕುಳಿತಿದ್ದ ಮುದುಕ, ಎಲ್ಲರ ಎಣ್ಣೆ ತಾತ, ಗಂಟಲು ಸರಿಮಾಡಿಕೊಂಡ.

"ತೆಗೀಯಮ್ಮ, ಬೇಡ ಅನ್ನಲ್ಲ. ಮೊದಲು ಇದನ್ನ ಕೇಳು... ಇದೇ ಷೆಡ್ಡಲ್ಲಿ ಮೀಸೆ ಮೇಸ್ತ್ರಿ ಅಂತ ಒಬ್ಬ ಇದ್ದ. ಎಣ್ಣೆ ಪರೀಕ್ಷೆ ಮಾಡ್ತಿದ್ದೋರು ಅವನ ಭಾವ, ಸ್ವಂತ ಅಕ್ಕನ ಗಂಡ. ಸಾಧು ಮನುಷ್ಯ, ಆದ್ರೆ ಬಟ್ಟಲಿಗೆ ಎಣ್ಣೆ ಹುಯ್ದು ಗುಳ್ಳೆಯೆಲ್ಲ ಅಡಗೋವರೆಗೂ ಸ್ವಿಚ್ ಮುಟ್ಟೋರಲ್ಲ, ತಳದ ಎಣ್ಣೆ ಬಿಟ್ಟು ಬೇರೇದು ಹಿಡಿಯೋರಲ್ಲ. ಯಾಕೆ ಹೇಳು? ನೀರು ಕೂರೋದೇ ತಳದಲ್ಲಿ, ನೀರಿದ್ರೆ ಟ್ರಾನ್ಸ್‌ಫಾರ್ಮರ್ ಸಿಡಿಯತ್ತೆ. ಒಂದಿನ ಮೇಸ್ತ್ರಿ, 'ಇದೊಂದು ಪಾಸ್ ಅನ್ನಿ ಭಾವ' ಅಂದ. 'ಇದು ಸಿಡಿದ್ರೆ, ಕಂಬ ಹತ್ತಿದೋನ ಹೆಂಡ್ತಿಗೆ ಹೋಗಿ ನೀನು ಹೇಳ್ತೀಯೇನೋ?' ಅಂದ್ರು ಭಾವ. ಅಷ್ಟೇ... ಸ್ಪ್ಯಾನರ್ ಎತ್ತಿ ಬೀಸಿದ ನೋಡು, ದವಡೆ ಮುರಿದು ಹಲ್ಲು ನೆಲಕ್ಕೆ ಚೆಲ್ಲಿತು. ಕೂದಲು ಹಿಡಿದು, ಮುಚ್ಚಳ ತೆಗೆದಿದ್ದ ಟ್ಯಾಂಕಿಗೆ ತಲೆ ಅದುಮಿದ. ಕಾಲು ಒದ್ದಾಡಿ ಒದ್ದಾಡಿ... ಗುಳ್ಳೆ ಬಂತು, ಬಂತು, ಆಮೇಲೆ ನಿಂತೇ ಹೋಯ್ತು. ಕಾಲು ಜಾರಿ ಬಿದ್ರು ಅಂದ. ಅಕ್ಕನೂ ನಂಬಿದ್ಲು.

"ಮಾರನೇ ದಿನ ಅವನೇ ಮೇಜಿಗೆ ಕೂತ. ಅದೇ ಟ್ಯಾಂಕಿಂದ, ಮೇಲಿನ ಎಣ್ಣೆ. ಬಟ್ಟಲಿಗೆ ಹುಯ್ದ, ಕಾದ. ಗುಳ್ಳೆ ಅಡಗ್ಲಿಲ್ಲ. ಒಂದಾದ ಮೇಲೊಂದು, ಯಾರೋ ಒಳಗಿಂದ ಉಸಿರು ಬಿಟ್ಟ ಹಾಗೆ... ರೇಗಿ, ಇನ್ನೊಂದು ಬಾಟ್ಲಿ ಹಿಡಿಯೋಕೆ ಟ್ಯಾಂಕಿನ ಮೇಲೆ ಬಾಗಿದ. ಒಳಗಿಂದ ಎರಡು ಕೈ! ಎಣ್ಣೆ ಸುರೀತಿರೋ ಕೈ, ಎರಡು ಕೆನ್ನೆಗೂ ಉಗುರು ಇಳಿಸಿ ಹಿಡೀತು. 'ಬಿಡಿ ಭಾವ, ನಾನೇ ಕೊಂದಿದ್ದು, ಬಿಡಿ' ಅಂತ ಕಿರುಚಿದ. ನಾವು ನಾಲ್ಕೈದು ಜನ ಕಾಲು ಹಿಡಿದು ಎಳೆದ್ವಿ. ಮೂಳೆ ಮುರಿದ ಸದ್ದು ಕೇಳ್ತು... ನಮ್ಮ ಕೈಗೆ ಬಂದಿದ್ದು ಕತ್ತಿನ ಕೆಳಗಿನದಷ್ಟೇ. ಟ್ಯಾಂಕ್ ಪೂರ್ತಿ ಬರಿದು ಮಾಡಿ ನೋಡಿದ್ವಿ. ತಲೆ ಇರ್ಲಿಲ್ಲ.

"ಆ ಎಣ್ಣೆ ಏನಾಯ್ತು ಅಂತೀಯಾ? ಎಣ್ಣೆ ಯಾರಮ್ಮ ಚೆಲ್ತಾರೆ? ಕಾಯಿಸಿ, ಸೋಸಿ, ಬೇರೆ ಡ್ರಮ್ಮುಗಳಿಗೆ ಬೆರೆಸಿದ್ರು. ನೀರು ಹೋಗತ್ತೆ, ಕಸ ಹೋಗತ್ತೆ... ಭಾವ ಎಲ್ಲಿಗೆ ಹೋಗ್ತಾರೆ?"

ಹುಡುಗಿ ಬಾಟಲಿ ಕೆಳಗಿಟ್ಟಳು. "ಫೇಲ್. ಎಣ್ಣೆ ಮತ್ತೆ ಸೋಸಿಸಿ. ಆಸ್ಪತ್ರೆಗೆ ಜನರೇಟರ್ ನಾನು ಕೇಳ್ತೀನಿ."

"ಅಜ್ಜಿ ಕತೆಗೆಲ್ಲ ಹೆದರ್ತೀರಲ್ಲ! ಬಿಡಿ, ನಾನೇ ತೆಗೀತೀನಿ." ಗುತ್ತಿಗೆದಾರ ಬಾಟಲಿ ಕಸಿದುಕೊಂಡು ಟ್ಯಾಂಕಿನ ಮುಚ್ಚಳ ಸರಿಸಿ, ಸೊಂಟದವರೆಗೂ ಒಳಕ್ಕೆ ಬಾಗಿದ.

ಯಾರೋ ತಡೆಯಲು ಎದ್ದರು. ಮುದುಕ ಕೈ ಅಡ್ಡ ಹಿಡಿದ.

"ಕಾಲು ಮಾತ್ರ ಹಿಡಿದು ಎಳೀಬೇಡಿ... ಎಳೆದ್ರೆ ಅರ್ಧವೇ ಬರೋದು."