ಗಾಜಿನ ರೂಮಿನಾಚೆ ಮೂರು ದಿನ

ಮದ್ರಾಸಿಗೆ ಓಗಿದ್ದು ಆಪ್ರೇಸನ್ಗಲ್ಲ ಕನ ಮೊಗ, ಆಪ್ರೇಸನ್ ಅದ್ಕೂ ಮುಂಚೆನೇ ಆಗಿತ್ತು, ಒಂದು ಮೊಲೆ ತಗ್ದಿದ್ರು, ಆದ್ರೂ ಕ್ಯಾನ್ಸರ್ರು ಒಳಿಕೆಲ್ಲ ಅಬ್ಬುಬುಟ್ಟಿತ್ತು. ನನ್ ತಂಗಿ ರತ್ನ, ನಿಮ್ಗೆ ಚಿಕ್ಕಜ್ಜಿ ಆಗ್ಬೇಕು, ಮಾಂಬಳ್ಳಿಗೆ ಕೊಟ್ಟಿದ್ದೊ. ಅವ್ಳ ಜೊತೇಲಿ ಮದ್ರಾಸಿನ ದೊಡ್ಡಾಸ್ಪತ್ರೆಗೆ ನಾನೋದೆ. ಅವ್ಳ ಗಂಡ ಬರ್ನೇ ಇಲ್ಲ... ಅಲ್ಲಲ್ಲ, ಬಂದಿದ್ರು, ಸುಳ್ಳೇಳ್ಬಾರ್ದು, ಎರಡು ದಿನ ಇದ್ದು ಕೆಲ್ಸಕ್ಕೆ ಓದ್ರು. ಅಲ್ಲೊಬ್ಬ ಸಿಸ್ಟ್ರು, ಹೊಸೂರು ಕಡೆಯೋಳು, ಕನ್ನಡ ಬರೋದು. ಅವ್ಳೇ ಬುಡಿಸಿ ಏಳುದ್ಲು, 'ಅಮ್ಮಾ, ಮೂಳೆ ಒಳಗಿನ ಮಜ್ಜೆ ತೆಗೆದು ಕಾಪಾಡಿ ಇಟ್ಕೋತೀವಿ. ಆಮೇಲೆ ಭಾರಿ ಜೋರಿನ ಔಷಧಿ ಕೊಡ್ತೀವಿ. ಅದು ಕಾಯಿಲೆ ಜೊತೆ ರಕ್ತ ಹುಟ್ಟೋ ಜಾಗಾನೂ ಸುಟ್ಟು ಹಾಕುತ್ತೆ. ಅದಾದ್ಮೇಲೆ ಮಜ್ಜೆ ವಾಪಸ್ ಕೊಡ್ತೀವಿ. ಅದು ಬೇರು ಬಿಡೋವರೆಗೂ ಒಂದು ಕೆಮ್ಮು ತಾಗಿದ್ರೂ ಜೀವ ಹೋಗುತ್ತೆ.'

ನಂಗೆ ಅದು ಗೊತ್ತಿರೋ ಇಸ್ಯನೇ ಅನ್ನುಸ್ತು ಕನ. ಸತ್ತೇಗಾಲದಲ್ಲಿ ನಮ್ದು ರೇಸ್ಮೆ ಉಳದ ಮನೆ ತಾನೆ? ಕಾಲು ತೊಳೀದೆ ಒಳಿಕ್ ಬರಂಗಿಲ್ಲ, ಬೇರೆಯೋರ್ನ ಬುಡಂಗಿಲ್ಲ, ಮುಟ್ಟಾದೋಳಂತೂ ಬಾಗ್ಲತ್ರನೂ ಸುಳೀಬಾರ್ದು, ಉಳ ಕೆಟ್ಟೋಯ್ತವೆ ಅಂತ. ರತ್ನನ್ನ ಗಾಜಿನ ರೂಮಿಗೆ ಆಕುದ್ರು. ದಿನಕ್ಕೊಂದ್ಸಲ ನಾನೊಬ್ಳೇ ಗೌನು ಆಕಂಡು, ಮೂಗುಬಾಯಿ ಕಟ್ಕಂಡು ಒಳಿಕ್ ಓಗಿ ಒಂದು ಚಮಚ ಗಂಜಿ ಕುಡ್ಸಿ ಬರೋಳು. ಮಜ್ಜೆ ವಾಪಸ್ ಬುಟ್ಟ ನಾಕನೇ ದಿನಕ್ಕೆ, ಏನ್ಮಾಡ್ತೀರ, ನಾನು ಮುಟ್ಟಾದೆ.

ಯಾರ್ಗೇಳದು? ನಾಚ್ಕೆ. ಗಾಜಿನ ಎದ್ರುಗೂ ನಿಂತ್ಕಳ್ನಿಲ್ಲ, ನನ್ ನೆಳ್ಳು ಬಿದ್ರೂ ಅವ್ಳಿಗೆ ಕೆಡ್ತದೆ ಅಂತ ಭಯ. ಕೂತ್ರೆ ಕೂರಕ್ಕಾಗ್ದು, ಮೆಟ್ಲು ಇಳಿಯದು, ಎಸ್‌ಟಿಡಿ ಬೂತ್ಗಂಟ ಓಗದು, ಯಾರ್ಗೂ ಫೋನ್ ಮಾಡ್ದೆ ತಿರ್ಗಾ ಬರದು, ಮತ್ತೆ ಇಳಿಯದು. ಮೂರು ದಿನ ಇಂಗೇಯ. ಸಿಸ್ಟ್ರು ಮೆಟ್ಲಲ್ಲೇ ಇಡ್ಕಂಡ್ಲು. 'ಎಲ್ಲಿದ್ರಿ ನೀವು? ನಿಮ್ಮ ತಂಗಿ ಗಂಜಿ ಮುಟ್ತಿಲ್ಲ, ಬಾಯಿ ತುಂಬ ಹುಣ್ಣು, ಆದ್ರೂ ಅಕ್ಕ ಎಲ್ಲಿ ಅಂತಾರೆ!' ನಾನು ಕಿವೀಲಿ ಪಿಸುಗುಟ್ಟುದೆ. ಅವ್ಳು ಅಣೆ ಚಚ್ಕಂಡ್ಲು. 'ಅಯ್ಯೋ, ಅಷ್ಟೇನಾ? ನೆಗಡಿ ಇದ್ರೆ ತಾನೆ ನಾನು ತಡೆಯೋದು! ಸೋಪ್ ಹಾಕಿ ಕೈ ತೊಳೀರಿ, ನಡೀರಿ ಒಳಗೆ!'

ಓದೆ. ತಲೇಲಿ ಒಂದು ಕೂದ್ಲಿಲ್ಲ, ತುಟಿ ಒಡ್ದು ರಕ್ತ ಬತ್ತಿತ್ತು. 'ಅಕ್ಕಾ, ಊರ್ಗೋಗ್ಬುಟ್ಟೆ ಅನ್ಕಂಡೆ. ನಾನು ಉಳಿಯಲ್ಲ ಅಂತ ನಿಂಗೇಳ್ಬುಟ್ಟವ್ರೆ, ಅದ್ಕೇ ಮೊಕ ತೋರುಸ್ತಿಲ್ಲ ಅಂತ ಗ್ವಾಡೆ ನೋಡ್ಕಂಡು ಮಲ್ಗಿದ್ದೆ' ಅಂದ್ಲು. ಆಗ್ಲೂ ನಾನು ಪಾಪಿ ನಿಜ ಏಳ್ನಿಲ್ಲ. 'ಇಲ್ಲೇ ಇದ್ನಲ್ಲವ್ವ' ಅಂದೆ, ಅಷ್ಟೇಯ.

ಊರ್ಗೇನೋ ಬಂದ್ಲು. ಒಂದೊರ್ಸ ಇದ್ಲು, ಆಮೇಕೆ ತೀರೋದ್ಲು. ಅಷ್ಟು ಜೋರಿನ ಔಸ್ದಿ ಕೊಟ್ರೂ ಮಾಮೂಲಿ ಔಸ್ದಿಗಿಂತ ಎಚ್ಚಿಗೆ ದಿನ ಜನ ಬದುಕ್ನಿಲ್ವಂತೆ, ಅದ್ಕೇ ಅದನ್ನ ಬುಟ್ಬುಟ್ರು ಅಂತ ಆಮೇಕೆ ಡಾಕ್ಟ್ರೇ ಏಳುದ್ರು. ಅದು ನನ್ ಕೈಲಿರ್ನಿಲ್ಲ ಬುಡಿ. ಆ ಮೂರು ದಿನ ನನ್ ಕೈಲಿತ್ತು. ಯಾರಿಂದ್ಲಾರ ದೂರ ನಿಲ್ಬೇಕಾಗಿ ಬಂದ್ರೆ, ಯಾಕೆ ನಿಂತಿದ್ದೀನಿ ಅಂತ ಬಾಯ್ಬುಟ್ಟು ಏಳ್ಬುಟ್ಟು ನಿಂತ್ಕಳ್ರವ್ವ.