ಎರಡು ನಿಮಿಷ ತಡೀರಿ

ಬಾಗಿಲು ಹಾಕಿದ್ದೀರಾ? ಹಾಗಾದ್ರೆ ಸ್ವಲ್ಪ ಹತ್ತಿರ ಬನ್ನಿ, ಇದನ್ನ ಗಟ್ಟಿಯಾಗಿ ಹೇಳೋಕೆ ಮನಸ್ಸು ಬರಲ್ಲ. ಯಾರೋ ಯಾರಿಗೋ ಹೇಳಿದ ಕತೆಯಲ್ಲ, ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು.

ಆ ರಾತ್ರಿ ಅಕ್ಕ ಕೆಲಸ ಮುಗಿಸಿ ಮನೆಗೆ ಬರ್ತಿದ್ದಳು. ಹನ್ನೊಂದು ಹೊಡೆದಿತ್ತು. ದಾರೀಲಿ ಒಂದು ಪಾಳುಬಾವಿ, ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದು. ಅದರ ಪಕ್ಕಕ್ಕೆ ಬಂದಾಗ ಹಿಂದಿನಿಂದ ಸದ್ದು... ಗುಂಯ್... ಸೊಳ್ಳೆ ಕಿವಿ ಹತ್ತಿರ ಬಂದ ಹಾಗೆ, ಸಣ್ಣಗೆ. ಆಮೇಲೆ, ಖಟ್.

ಅವಳು ಕೆಲಸ ಮಾಡೋ ಉಪಗ್ರಹ ಕೇಂದ್ರದ ದೊಡ್ಡ ಡಿಶ್ಶು ತಿರುಗೋ ಸದ್ದು ಅದು. ಅವಳಿಗೆ ಚೆನ್ನಾಗಿ ಗೊತ್ತು. ಆದ್ರೆ ಡಿಶ್ಶನ್ನ ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿ, ಕರೆಂಟು ತೆಗೆದು, ಬೀಗ ಹಾಕಿ ಬಂದವಳೂ ಅವಳೇ. ಬೀಗದ ಕೈ ಮುಷ್ಟೀಲೇ ಇತ್ತು.

ತಿರುಗಿ ನೋಡಲಿಲ್ಲ. ಆಗ ಜಾಲರಿಯ ಕೆಳಗಿಂದ ದನಿ ಬಂತು.

"ಎರಡು ನಿಮಿಷ... ತಡೀರಿ."

ಮನೆ ಮುಟ್ಟಿದ್ದು ಹೇಗೆ ಅಂತ ಅವಳಿಗೇ ನೆನಪಿಲ್ಲ. ಒಂದು ಚಪ್ಪಲಿ ಬಾವಿ ಹತ್ತಿರಾನೇ ಉಳೀತು. ಯಾಕಂದ್ರೆ ಆ ದನಿ ಯಾರದ್ದು ಅಂತ ಅವಳಿಗೆ ಗೊತ್ತಿತ್ತು.

ಅಕ್ಕ ಇದ್ದದ್ದು ಉಪಗ್ರಹದ ಬೆನ್ನು ಹತ್ತೋ ಕೆಲಸದಲ್ಲಿ. ಭೂಮಿಯ ಚಿತ್ರ ತೆಗೆಯೋ ಉಪಗ್ರಹ. ಏಳುನೂರು ಕಿಲೋಮೀಟರ್ ಮೇಲೆ, ಧ್ರುವದಿಂದ ಧ್ರುವಕ್ಕೆ ಓಡ್ತಾನೇ ಇರುತ್ತೆ. ಸೂರ್ಯನಿಗೆ ಹೊಂದಿಸಿ ಬಿಟ್ಟಿದ್ದು, ಹಾಗಾಗಿ ಬರೋ ಹೊತ್ತು ಬದಲಾಗಲ್ಲ. ಬೆಳಿಗ್ಗೆ ಹತ್ತೂವರೆ ಸುಮಾರಿಗೆ ಒಮ್ಮೆ, ರಾತ್ರಿ ಹತ್ತೂವರೆ ಸುಮಾರಿಗೆ ಒಮ್ಮೆ. ಈ ಅಂಚಲ್ಲಿ ಎದ್ದು ಆ ಅಂಚಲ್ಲಿ ಮುಳುಗೋಕೆ ಹತ್ತೇ ನಿಮಿಷ. ಅಷ್ಟರೊಳಗೆ ಡಿಶ್ಶು ಅದರ ಜೊತೆಜೊತೆಗೇ ತಿರುಗಿ ಚಿತ್ರ ಇಳಿಸ್ಕೋಬೇಕು. ಇದಕ್ಕೆ ಅಲ್ಲಿಯವರು ಪಾಸು ಅಂತಾರೆ.

ಮುಖ್ಯಸ್ಥನಿಗೆ ಎಲ್ಲರೂ ಇಟ್ಟ ಹೆಸರು ಗಡಿಯಾರ. ಹನ್ನೊಂದು ವರ್ಷದಲ್ಲಿ ಒಂದು ಪಾಸೂ ತಪ್ಪಿಸಿಲ್ಲ ಅನ್ನೋ ಜಂಬ. ನಗು ಆ ಮುಖದ ಬೀದೀಲೂ ಹಾದು ಹೋಗಿರಲಿಲ್ಲ.

ಬಾವಿ ಹತ್ತಿರ ದನಿ ಕೇಳೋಕೆ ಮೂರು ತಿಂಗಳ ಮುಂಚೆ ಒಂದು ರಾತ್ರಿ, ಸಿಕ್ಕಿಹಾಕಿಕೊಂಡ ಕೇಬಲ್ ಬಿಡಿಸೋಕೆ ಮೆಕ್ಯಾನಿಕ್ ಡಿಶ್ಶಿನ ಮೇಲೆ ಬಲಗಡೆಗೆ ಹತ್ತಿದ್ದ. ಮೇಲಿಂದಾನೇ ಮೋಟರು ನಿಲ್ಲಿಸೋ ಸ್ವಿಚ್ಚು ಕೆಟ್ಟು ವರ್ಷವಾಗಿತ್ತು. ಗಡಿಯಾರ ರಿಪೇರಿ ಮಾಡಿಸಿರಲಿಲ್ಲ. ಪಾಸಿನ ಹೊತ್ತಿಗೆ ಸರಿಯಾಗಿ ಇಂಟರ್‌ಕಾಮ್ ಕರ್ರ್ ಅಂತು. "ಎರಡು ನಿಮಿಷ ತಡೀರಿ, ಇಳೀತಿದ್ದೀನಿ."

ಅಕ್ಕ ಕೇಳಿಸಿಕೊಂಡಳು. ಗಡಿಯಾರಾನೂ ಕೇಳಿಸಿಕೊಂಡ. "ಅದು ತಡಿಯುತ್ತಾ?" ಅಂತ ಗದ್ದ ಎತ್ತಿ ಆಕಾಶ ತೋರಿಸಿ, ಗುಂಡಿ ಒತ್ತಿದ.

ಗುಂಯ್... ಆಮೇಲೆ ಒದ್ದೆ ಮೂಟೆ ಬಿದ್ದ ಹಾಗೆ ಒಂದು ಸದ್ದು. ಅಷ್ಟೇ.

ವಿಚಾರಣೇಲಿ ಅಕ್ಕನ್ನ ಕೇಳಿದ್ರು. ಮನೆ ನಡೀತಿದ್ದದ್ದು ಅವಳೊಬ್ಬಳ ಕೆಲಸದಿಂದ. ಗಡಿಯಾರ ಎದುರಿಗೇ ಕೂತಿದ್ದ. "ನನಗೇನೂ ಕೇಳಿಸಲಿಲ್ಲ" ಅಂದುಬಿಟ್ಟಳು. ಸತ್ತವನದೇ ತಪ್ಪು, ಹೇಳದೆ ಹತ್ತಿದ ಅಂತ ಬರೆದು ಮುಗಿಸಿದ್ರು. ಹೊರಗೆ ಅವನ ಹೆಂಡತಿ ನಿಂತಿದ್ದಳು. "ಕೊನೇಲಿ ಏನಾದ್ರೂ ಅಂದ್ರೇನ್ರೀ?" ಅಂತ ಕೇಳಿದಳು. ಅಕ್ಕ ನೆಲ ನೋಡ್ಕೊಂಡು "ಇಲ್ಲ" ಅಂದಳು.

ಈಗ ಬಾವಿ ಹತ್ತಿರ ದನಿ ಕೇಳಿದ ಮಾರನೇ ರಾತ್ರಿಗೆ ಬರೋಣ. ಅಕ್ಕ, ಗಡಿಯಾರ, ಇಬ್ಬರೇ. ಪಾಸಿಗೆ ಇನ್ನು ಆರು ನಿಮಿಷ. ಗುಂಡಿ ಒತ್ತಿದ್ರೆ ಡಿಶ್ಶು ಅಲ್ಲಾಡ್ತಿಲ್ಲ.

"ಬ್ರೇಕ್ ಬಿಟ್ಟಿಲ್ಲ. ಹತ್ತಿ ಲಿವರ್ ಎಳಿ."

"ನಾನು ಹತ್ತಲ್ಲ ಸಾರ್."

"ಹಾಗಾದ್ರೆ ನಾಳೆಯಿಂದ ಬರಬೇಡ. ಸುಳ್ಳು ಸಾಕ್ಷಿ ಹೇಳಿದವಳು ಅಂತಾನೂ ಬರೆದು ಕಳಿಸ್ತೀನಿ."

"ಹೇಳಿಸಿದ್ದು ನೀವು."

"ಹೇಳಿದ ಬಾಯಿ ನಿಂದು."

ಅವಳು ಹಲ್ಲು ಕಚ್ಚಿ ಏಣಿ ಹತ್ತಿದಳು. ಇಪ್ಪತ್ತೆರಡು ಮೆಟ್ಟಿಲು. ಲಿವರ್ ಎಳೆದಳು... ಖಟ್. ಮೇಲಿದ್ದ ಇಂಟರ್‌ಕಾಮ್‌ಗೆ ಬಾಯಿಟ್ಟು ಪಿಸುಗುಟ್ಟಿದಳು, "ಇನ್ನೂ ಮೇಲೇ ಇದ್ದೀನಿ ಸಾರ್. ಒತ್ತಬೇಡಿ."

ಕೆಳಗೆ ಕಿಟಕೀಲಿ ಗಡಿಯಾರ ಕಾಣ್ತಿದ್ದ. ಗೋಡೆ ಕಡೆ ನೋಡಿ ಹೊತ್ತು ಓದಿಕೊಂಡ. ಆಮೇಲೆ ಕತ್ತೆತ್ತಿ ಇವಳನ್ನ ನೋಡಿದ. ನೋಡಿಕೊಂಡೇ... ಒತ್ತಿದ.

ಗುಂಯ್. ಕಾಲಡಿಯ ಕಬ್ಬಿಣ ವಾಲಿತು. ಪಾದ ಜಾರಿತು. ಇನ್ನೇನು ಹೋದೆ ಅನ್ನುವಾಗ ಯಾರೋ ಮಣಿಕಟ್ಟು ಹಿಡಿದ್ರು.

ಒರಟು ಅಂಗೈ, ಜಿಡ್ಡು ಜಿಡ್ಡು. ಮೇಲಕ್ಕೆ ಎಳೀಲಿಲ್ಲ. ಸುಮ್ಮನೆ ಹಿಡಿದಿತ್ತು. ಕೈ ಕಂಡಿತು, ಅದರ ಹಿಂದೆ ಏನೂ ಇರಲಿಲ್ಲ.

"ಕೇಳಿಸ್ತಾ?"

ದನಿ ಕಿವಿಯ ಪಕ್ಕದಲ್ಲೇ. ಹಿಡಿದ ಕೈಯ ಕಿರುಬೆರಳು ಸಡಿಲವಾಯ್ತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಇನ್ನೊಂದು...

"ಕೇಳಿಸ್ತಾ?"

"ಕೇಳಿಸಿತ್ತು!" ಅಂತ ಕಿರುಚಿದಳು. "ಅವತ್ತೇ ಕೇಳಿಸಿತ್ತು!"

ಮೋಟರು ನಿಂತಿತು. ಕಣ್ಣು ಬಿಟ್ಟಾಗ ಏಣಿಯ ಬುಡದಲ್ಲಿ ಕೂತಿದ್ದಳು. ಒಳಗಿಂದ ಟಕ್, ಟಕ್, ಟಕ್... ಗಡಿಯಾರ ಹುಚ್ಚು ಹಿಡಿದವನ ಹಾಗೆ ಗುಂಡಿ ಒತ್ತುತ್ತಿದ್ದ. ಡಿಶ್ಶು ಕದಲಲಿಲ್ಲ. ಉಪಗ್ರಹ ಎದ್ದು, ನೆತ್ತಿ ದಾಟಿ, ಮುಳುಗಿ ಹೋಯ್ತು. ಅವನ ಮೊದಲ ತಪ್ಪಿದ ಪಾಸು.

ಬೆಳಗಾಗ್ತಿದ್ದ ಹಾಗೆ ಅಕ್ಕ ವಿಚಾರಣೆ ಮಾಡಿದವರ ಹತ್ತಿರ ಹೋಗಿ ಎಲ್ಲ ಬರೆದುಕೊಟ್ಟಳು, ತನ್ನ ಸುಳ್ಳೂ ಸೇರಿಸಿ. ಗಡಿಯಾರನ್ನ ತೆಗೆದ್ರು. ಅಕ್ಕನ್ನೂ ತೆಗೆದ್ರು. ಮೆಕ್ಯಾನಿಕ್ ತಪ್ಪಿಲ್ಲ ಅಂತ ಅವನ ಮನೆಗೆ ಕಾಗದ ಹೋಯ್ತು.

ಒಂದು ದಿನ ಅಕ್ಕ ಅವನ ಹೆಂಡತಿ ಹತ್ತಿರ ಹೋಗಿ, ಕೊನೇ ಮಾತು ಏನಂತ ಹೇಳಿದಳು. ಆಕೆ ಪೂರ್ತಿ ಕೇಳಿಸಿಕೊಂಡಳು. "ಮೂರು ತಿಂಗಳು ನನ್ನ ಮಕ್ಕಳು ಅಪ್ಪನ ಬಗ್ಗೆ ಏನೇನು ಕೇಳಿಸ್ಕೊಂಡ್ರು ಗೊತ್ತೇನ್ರೀ ನಿಮಗೆ?" ಅಂದು ಬಾಗಿಲು ಹಾಕಿದಳು. ಚಿಲಕ ಎರಡು ಸಲ ಬಿತ್ತು.

ನೀವು ನಗಬಹುದು, ನಗಿ. ಆದ್ರೆ ಗಡಿಯಾರನ ಜಾಗಕ್ಕೆ ಬಂದ ಹೊಸ ಎಂಜಿನಿಯರು ಇಂಥದ್ದನ್ನೆಲ್ಲ ನಂಬೋ ಆಳಲ್ಲ, ಲೆಕ್ಕದ ಮನುಷ್ಯ. ರಾತ್ರಿ ಪಾಸಿನಲ್ಲಿ ಡಿಶ್ಶು ಭಾರ ಬಿದ್ದ ಹಾಗೆ ಬಲಗಡೆಗೆ ವಾಲ್ತಿದೆ ಅಂತ ಅವರಿಗೆ ಕಾಣಿಸ್ತು. ಹಗಲಿನ ಪಾಸಿಗೆ ಇಲ್ಲ. ಡಿಶ್ಶು ಪೂರ್ತಿ ಬಿಚ್ಚಿ ನೋಡಿದ್ರು, ಏನೂ ಸಿಗಲಿಲ್ಲ. ಕೊನೆಗೆ ಎಡಗಡೆ ಅರವತ್ತೆರಡು ಕಿಲೋದ, ಸರಿಯಾಗಿ ಒಬ್ಬ ಗಂಡಸಿನ ತೂಕದ, ಕಬ್ಬಿಣದ ತುಂಡು ಕಟ್ಟಿಸಿದ್ರು. ಆಗ ಸರಿಹೋಯ್ತು.

ನಿಜ, ನಾನೇ ಕಣ್ಣಾರೆ ಕಂಡಿದ್ದೀನಿ. ಈಗಲೂ ಬೆಳಿಗ್ಗೆ ಅದನ್ನ ಬಿಚ್ಚಿಡ್ತಾರೆ. ಕತ್ತಲಾದ ಮೇಲೆ ಕಟ್ತಾರೆ.