ನೂರಕ್ಕೆ ತೊಂಬತ್ತು

೧೯೮೭. ಕಾಮಾಕ್ಷಿಪಾಳ್ಯದ ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕ ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ವರ್ಕ್‌ಶಾಪಿನ ಮಾಲೀಕರೊಬ್ಬರು ತಮ್ಮ ಕೆಲಸಗಾರನ ಜೊತೆ ನಿಂತಿದ್ದರು.

"ಬೆಟ್ಟಯ್ಯ, ನಮ್ಮ ವರ್ಕ್‌ಶಾಪಿಗೆ ನೂರಕ್ಕೆ ತೊಂಬತ್ತು ಅಂಕ ಕಣಯ್ಯ."

"ಏತಕ್ಕೆ ಸಾರ್?"

"ಹೊಗೆ, ಮೋರಿ ನೀರು, ಕೆಲಸಗಾರರ ಕ್ಷೇಮ, ಎಲ್ಲಾ ಸೇರಿ. ಒಳ್ಳೇ ಕಾರ್ಖಾನೆ ಯಾವುದು ಅಂತ ನಮ್ಮ ಮಾಲೀಕರ ಸಂಘದೋರು ಆರಿಸ್ತಾರೆ."

"ಅಂಕ ಕೊಟ್ಟೋರು ಯಾರು?"

"ಫಾರಂ ಕಳಿಸಿದ್ರು. ನಾನೇ ಹಾಕ್ಕೊಂಡೆ."

"ಮತ್ತೆ ಹತ್ತು ಯಾಕೆ ಬಿಟ್ರಿ?"

"ಸ್ವಲ್ಪ ನಾಚಿಕೆ ಆಯ್ತು."

ಬೆಟ್ಟಯ್ಯ ನಕ್ಕ. "ನಮ್ಮ ಕ್ಷೇಮಕ್ಕೆ ಎಷ್ಟು ಹಾಕಿದ್ರಿ?"

"ಪೂರ್ತಿ. ಎಲ್ಲರಿಗೂ ಗ್ಲೌಸ್ ಕೊಟ್ಟಿದೀನಿ ಅಂತ ಬರೆದೆ."

ಬೆಟ್ಟಯ್ಯ ಆಸಿಡ್‌ಗೆ ಚರ್ಮ ಸುಲಿದ ತನ್ನ ಕೈ ನೋಡಿಕೊಂಡ. ಮಾಲೀಕರೂ ನೋಡಿದರು. ಜೇಬಿನಿಂದ ಫಾರಂ ತೆಗೆದು ಹರಿದರು.

"ನಾನೇ ಮೇಷ್ಟ್ರು, ನಾನೇ ಫೇಲು. ಬಾ, ಮಾರ್ಕೆಟ್‌ಗೆ ಹೋಗಿ ಗ್ಲೌಸ್ ತರೋಣ."

ಬಸ್ಸು ಹತ್ತುತ್ತಾ ಬೆಟ್ಟಯ್ಯ ಅಂದ: "ದೊಡ್ಡ ಸೈಜೇ ತಗೊಳ್ಳಿ ಸಾರ್. ಬೆರಳೆಲ್ಲ ಊದ್ಕೊಂಡವೆ."